ಯುದ್ಧ ಮುಗಿದ ಮೇಲೆ ಒಂದು ಮನವಿ: ಪ್ಯುಯಾಲಪ್ ಮೈದಾನದಿಂದ ಕಾಂಗ್ರೆಸ್ ಸಮಿತಿಯವರೆಗೆ

ಪ್ಯುಯಾಲಪ್ ಜಾತ್ರೆಯ ಮೈದಾನ ನಮ್ಮ ಸಂಘದ ಬಹುತೇಕ ಕುಟುಂಬಗಳಿಗೆ ಪರಿಚಿತ ಸ್ಥಳ. ಪ್ರತಿ ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಕುರಿ-ಕುದುರೆಗಳನ್ನು ತೋರಿಸಿ, ರಾಟವಾಳದಲ್ಲಿ ಕೂರಿಸಿ ಬರುತ್ತೇವೆ. 1942ರ ವಸಂತ ಮತ್ತು ಬೇಸಿಗೆಯಲ್ಲಿ ಇದೇ ಮೈದಾನದಲ್ಲಿ ಮುಳ್ಳುತಂತಿಯ ಬೇಲಿಯ ಒಳಗೆ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಕೂಡಿಹಾಕಲಾಗಿತ್ತು. ಅವರ ಮೇಲೆ ಯಾವ ಆರೋಪವೂ ಇರಲಿಲ್ಲ, ಯಾವ ನ್ಯಾಯಾಲಯವೂ ಅವರನ್ನು ವಿಚಾರಣೆಗೆ ಒಳಪಡಿಸಿರಲಿಲ್ಲ. ಜಪಾನೀ ಮೂಲದವರು ಎಂಬುದೊಂದೇ ಕಾರಣ. ಆ ಶಿಬಿರಕ್ಕೆ ಇಟ್ಟಿದ್ದ ಹೆಸರು ‘ಕ್ಯಾಂಪ್ ಹಾರ್ಮನಿ’, ಅಂದರೆ ಸಾಮರಸ್ಯದ ಶಿಬಿರ!

ಈ ಅನ್ಯಾಯದ ಕಥೆಯನ್ನು ಅನೇಕರು ಕೇಳಿರಬಹುದು. ಆದರೆ ಅದರ ಅಹವಾಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಮಿತಿಯನ್ನು ತಲುಪಿದ ಬಗೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ದಾರಿ ಆರಂಭವಾದದ್ದು ನಾವು ವಾಸಿಸುವ ಸಿಯಾಟಲ್ ನಗರದಲ್ಲಿ. ಅದು ಕೊನೆ ಮುಟ್ಟಲು ಹಿಡಿದ ಕಾಲ, ಬಂಧನದ ಆಜ್ಞೆಯಿಂದ ಲೆಕ್ಕ ಹಾಕಿದರೆ, 46 ವರ್ಷಗಳು.

ಮೊದಲು ಮನವಿ ಎಂಬುದರ ಸ್ವರೂಪವನ್ನು ನೋಡೋಣ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಹೇಳುವ ಐದು ಸ್ವಾತಂತ್ರ್ಯಗಳಲ್ಲಿ ಕೊನೆಯದು, ಕುಂದುಕೊರತೆಯ ಪರಿಹಾರಕ್ಕಾಗಿ ಸರ್ಕಾರಕ್ಕೆ ಮನವಿ ಸಲ್ಲಿಸುವ ಹಕ್ಕು. ನಮಗೂ ಇದು ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಸದಸ್ಯರೊಂದಿಗೆ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ರೈತರ, ವರ್ತಕರ ಅಹವಾಲುಗಳನ್ನು ದಿವಾನರ ಮುಂದೆ ಇಡಲಾಗುತ್ತಿತ್ತು. ಆದರೆ ಆಗ ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಹೇಳುವ ಹಕ್ಕು ಪ್ರಜೆಯದು, ನಡೆಸಿಕೊಡುವುದು ದೊರೆಯ ಚಿತ್ತ. ಅಮೆರಿಕದಲ್ಲಿಯೂ ಮನವಿ ಕೊಡುವ ಹಕ್ಕಿಗೆ ಸಂವಿಧಾನದ ರಕ್ಷಣೆಯಿದೆ, ಉತ್ತರ ಪಡೆಯುವ ಹಕ್ಕಿಗೆ ಇಲ್ಲ. ಮನವಿಗೆ ಬಲ ಬರಬೇಕಾದರೆ ಸದಸ್ಯರೊಬ್ಬರು ಅದನ್ನು ಮಸೂದೆಯಾಗಿ ಮಂಡಿಸಬೇಕು. ಮಸೂದೆ ಸಂಬಂಧಪಟ್ಟ ಸಮಿತಿಗೆ, ಅಲ್ಲಿಂದ ಉಪಸಮಿತಿಗೆ ಹೋಗುತ್ತದೆ. ಅದನ್ನು ವಿಚಾರಣೆಗೆ ಎತ್ತಿಕೊಳ್ಳಬೇಕೇ ಎಂಬುದನ್ನು ಬಹುಮಟ್ಟಿಗೆ ಅಧ್ಯಕ್ಷರೇ ನಿರ್ಧರಿಸುತ್ತಾರೆ. ಬಹುಪಾಲು ಮಸೂದೆಗಳು ಕೊನೆಯುಸಿರೆಳೆಯುವುದು ಅಲ್ಲಿಯೇ, ಯಾರೂ ವಿರೋಧಿಸಿ ಮತ ಹಾಕದೆಯೇ.

1942ರ ಫೆಬ್ರವರಿ 19ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು 9066ನೆಯ ಕಾರ್ಯಾಜ್ಞೆಗೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜನರನ್ನು ಮನೆಗಳಿಂದ ಹೊರಡಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಇಲ್ಲಿಯೇ ಹುಟ್ಟಿದ ಅಮೆರಿಕದ ಪ್ರಜೆಗಳು. ಮೊದಲ ಸರದಿ ನಮ್ಮ ಬೇನ್‌ಬ್ರಿಜ್ ದ್ವೀಪದ್ದು. ಆರು ದಿನಗಳ ಸೂಚನೆ ಕೊಟ್ಟು, ಮಾರ್ಚ್ 30ರಂದು 227 ಜನರನ್ನು ಫೆರ್ರಿಯಲ್ಲಿ ಸಿಯಾಟಲ್‌ಗೆ ಸಾಗಿಸಿ, ಅಲ್ಲಿಂದ ರೈಲಿನಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಝನಾರ್ ಶಿಬಿರಕ್ಕೆ ಕಳುಹಿಸಿದರು. ಸಿಯಾಟಲ್ ನಗರದವರು ಪ್ಯುಯಾಲಪ್ ಮೈದಾನಕ್ಕೂ, ಅಲ್ಲಿಂದ ಐಡಾಹೋ ರಾಜ್ಯದ ಮಿನಿಡೋಕ ಶಿಬಿರಕ್ಕೂ ಹೋದರು. ಹೊಲ, ಅಂಗಡಿ, ಹೋಟೆಲು, ಉದ್ಯೋಗ ಎಲ್ಲವನ್ನೂ ಬಿಟ್ಟು, ಕೈಯಲ್ಲಿ ಹಿಡಿಯುವಷ್ಟು ಸಾಮಾನಿನೊಡನೆ.

ಯುದ್ಧ ಮುಗಿದ ಮೇಲೆ ಕಾಂಗ್ರೆಸ್ ಏನನ್ನೂ ಮಾಡಲಿಲ್ಲವೆಂದಲ್ಲ. 1948ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಅವರು ಆಸ್ತಿನಷ್ಟದ ಪರಿಹಾರ ಕಾಯಿದೆಗೆ ಸಹಿ ಹಾಕಿದರು. ಆದರೆ ಅದು ಕೇಳಿದ್ದು ಲೆಕ್ಕಪತ್ರ: ಏನು ಕಳೆದುಕೊಂಡಿರಿ, ಅದರ ಬೆಲೆಯೆಷ್ಟು, ಪುರಾವೆ ಎಲ್ಲಿ? ತರಾತುರಿಯಲ್ಲಿ ಮನೆ ಬಿಟ್ಟವರ ಬಳಿ ರಸೀತಿಗಳು ಎಲ್ಲಿಂದ ಬರಬೇಕು? ಕೇಳಿದ ಮೊತ್ತ ಸುಮಾರು 14.8 ಕೋಟಿ ಡಾಲರ್. ಸಿಕ್ಕಿದ್ದು ಸುಮಾರು 3.7 ಕೋಟಿ. ಕಳೆದುಹೋದ ಸಂಬಳಕ್ಕೆ, ಸ್ವಾತಂತ್ರ್ಯಕ್ಕೆ, ಮಾನಕ್ಕೆ ಆ ಕಾಯಿದೆಯಲ್ಲಿ ಜಾಗವೇ ಇರಲಿಲ್ಲ. ತಪ್ಪಾಯಿತೆಂಬ ಮಾತೂ ಇರಲಿಲ್ಲ.

ಆನಂತರ ಬಂದದ್ದು ದೀರ್ಘ ಮೌನ. ವೈದ್ಯ ವೃತ್ತಿಯಲ್ಲಿರುವವರಿಗೆ ಈ ಬಗೆಯ ಮೌನ ಅಪರಿಚಿತವಲ್ಲ. ದೇಹದ ನೋವನ್ನು ಕೂಡಲೇ ಹೇಳುವ ಹಿರಿಯರು ಅವಮಾನದ ನೋವನ್ನು ದಶಕಗಳ ಕಾಲ ನುಂಗಿಕೊಂಡಿರುತ್ತಾರೆ. ರೋಗಿ ಬಾಯಿ ಬಿಡದ ಹೊರತು ರೋಗಚರಿತ್ರೆ ಇಲ್ಲ. ಅದಿಲ್ಲದೆ ಚಿಕಿತ್ಸೆ ಹೇಗೆ? ಶಿಬಿರಗಳಲ್ಲಿದ್ದ ಅನೇಕ ತಂದೆತಾಯಿಗಳು ಮಕ್ಕಳೊಡನೆ ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಹಾಗಿರುವಾಗ ಸಮಿತಿಯ ಮುಂದೆ ಮಾತನಾಡುವವರು ಯಾರು?

ಆ ಮೌನವನ್ನು ಮುರಿಯಲು ಯತ್ನಿಸಿದವರಲ್ಲಿ ಸಿಯಾಟಲ್‌ನ ಒಂದು ಪುಟ್ಟ ಗುಂಪು ಮುಖ್ಯವಾದುದು. ಬೋಯಿಂಗ್ ಕಂಪನಿಯ ಎಂಜಿನಿಯರ್ ಹೆನ್ರಿ ಮಿಯಾಟಾಕೆ, ಶೋಸುಕೆ ಸಸಾಕಿ, ಮೈಕ್ ನಕಾಟ ಮೊದಲಾದವರು ಕೆಲಸ ಮುಗಿದ ಮೇಲೆ ದಾಖಲೆಗಳನ್ನು ಓದಿ, ಲೆಕ್ಕ ಹಾಕಿ ಒಂದು ಯೋಜನೆ ಸಿದ್ಧಪಡಿಸಿದರು. 1975ರ ನವೆಂಬರಿನಲ್ಲಿ ಅದರ ಕರಪತ್ರ ಜಪಾನೀ ಅಮೆರಿಕನ್ ನಾಗರಿಕರ ಸಂಘದ ಶಾಖೆಗಳಿಗೆ ಹೋಯಿತು. ಅವರ ವಾದ ಸರಳ: ತಪ್ಪಿಗೆ ಬೆಲೆ ಕಟ್ಟದ ಕ್ಷಮೆ ಸುಲಭವಾಗಿ ಮರೆತುಹೋಗುತ್ತದೆ, ಆದ್ದರಿಂದ ಬಂಧನಕ್ಕೊಳಗಾದ ಪ್ರತಿಯೊಬ್ಬರಿಗೂ ಪರಿಹಾರ ದೊರೆಯಬೇಕು. ಸಮುದಾಯದ ಒಳಗೇ ಅನೇಕರಿಗೆ ಇದು ರುಚಿಸಲಿಲ್ಲ. ಹಳೆಯ ಗಾಯವನ್ನು ಕೆದಕುವುದೇಕೆ, ಹಣ ಕೇಳುವುದು ಮಾನಗೇಡಲ್ಲವೇ, ನೆರೆಹೊರೆಯವರು ಏನೆಂದಾರು ಎಂಬ ಮಾತುಗಳು ಬಂದವು. ಯಾವ ವಲಸೆ ಸಮುದಾಯಕ್ಕೂ ಇವು ಹೊಸ ಮಾತುಗಳಲ್ಲ.

1978ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ. ರೈನಿಯರ್ ಕಣಿವೆಯಲ್ಲಿದ್ದ ಸಿಕ್ಸ್ ಕ್ರೀಡಾಂಗಣದಿಂದ ಕಾರುಗಳ ಸಾಲೊಂದು ಪ್ಯುಯಾಲಪ್ ಕಡೆಗೆ ಹೊರಟಿತು. 36 ವರ್ಷಗಳ ಹಿಂದೆ ಕರೆದೊಯ್ದ ಜಾಗಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ತಾವಾಗಿ ಹಿಂದಿರುಗಿದರು. ಅದುವೇ ಮೊದಲ ‘ಸ್ಮರಣ ದಿನ’. ಮಕ್ಕಳು ಮೊಮ್ಮಕ್ಕಳ ಮುಂದೆ ಅನೇಕ ಹಿರಿಯರ ಬಾಯಿಂದ ಮಾತು ಹೊರಟದ್ದು ಅಂದು. ಆ ಕ್ರೀಡಾಂಗಣ ಮರುವರ್ಷವೇ ನೆಲಸಮವಾಯಿತು. ಆ ಜಾಗದಲ್ಲಿ ಈಗ ಮನೆ ರಿಪೇರಿ ಸಾಮಾನಿನ ದೊಡ್ಡ ಮಳಿಗೆಯಿದೆ.

ಅದೇ ತಿಂಗಳು ಸಿಯಾಟಲ್ ಕ್ಷೇತ್ರದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದವರು ಮೈಕ್ ಲೌರಿ, ಮುಂದೆ ನಮ್ಮ ರಾಜ್ಯದ ಗವರ್ನರ್ ಆದವರು. ಮರುವರ್ಷದ ನವೆಂಬರಿನಲ್ಲಿ ಅವರು ನೇರ ಪರಿಹಾರದ ಮೊದಲ ಮಸೂದೆಯನ್ನು ಮಂಡಿಸಿದರು: ತಲೆಗೆ 15,000 ಡಾಲರ್, ಜೊತೆಗೆ ಬಂಧನದ ಪ್ರತಿದಿನಕ್ಕೂ 15 ಡಾಲರ್. ಅದು ಸಮಿತಿಯಲ್ಲಿಯೇ ಉಳಿದುಹೋಯಿತು. ಅಷ್ಟರಲ್ಲಿ ಸೆನೆಟರ್ ಡೇನಿಯಲ್ ಇನೊಯೆ ಮೊದಲಾದ ಹಿರಿಯ ಜಪಾನೀ ಅಮೆರಿಕನ್ ಶಾಸಕರು ಬೇರೊಂದು ದಾರಿ ಹಿಡಿದಿದ್ದರು. ಏನಾಯಿತೆಂಬುದು ದೇಶಕ್ಕೆ ಗೊತ್ತಿಲ್ಲ, ಗೊತ್ತಿಲ್ಲದವರಿಂದ ಮತ ಕೇಳುವುದು ಹೇಗೆ? ಮೊದಲು ತನಿಖಾ ಆಯೋಗ ರಚನೆಯಾಗಲಿ ಎಂಬುದು ಅವರ ಲೆಕ್ಕ. 1980ರ ಜುಲೈ 31ರಂದು ಅಧ್ಯಕ್ಷ ಕಾರ್ಟರ್ ಅವರ ಸಹಿಯಿಂದ ಆಯೋಗ ಅಸ್ತಿತ್ವಕ್ಕೆ ಬಂತು. ಸಿಯಾಟಲ್ ಗುಂಪಿಗೆ ಇದು ಕಾಲಹರಣವಾಗಿ ಕಂಡಿತು. ನಡೆದದ್ದಕ್ಕೆ ಇನ್ನೇನು ತನಿಖೆ, ಮುದುಕರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದಾರಲ್ಲ ಎಂಬ ಅವರ ಸಂಕಟದಲ್ಲಿ ಸತ್ಯವಿತ್ತು.

ಆದರೆ ಆಯೋಗ ಬರುವುದು ಖಚಿತವಾದ ಮೇಲೆ ಮುನಿಸಿಕೊಂಡು ಕೂರದೆ ಸಿಯಾಟಲ್‌ನವರು ಅದಕ್ಕೆ ಸಿದ್ಧರಾದರು. ಸಮಿತಿಯ ಮುಂದೆ ಎಂದೂ ನಿಂತು ಅಭ್ಯಾಸವಿಲ್ಲದ ಹಿರಿಯರಿಗಾಗಿ ಅಣಕು ವಿಚಾರಣೆಗಳನ್ನು ನಡೆಸಿದರು. ಮಿತವಾದ ಸಮಯದಲ್ಲಿ ತಮ್ಮ ಬದುಕನ್ನು ಹೇಳುವುದನ್ನು ಅಲ್ಲಿ ಕಲಿಯಬೇಕಿತ್ತು. 1981ರ ಸೆಪ್ಟೆಂಬರಿನಲ್ಲಿ ಸಿಯಾಟಲ್ ಸೆಂಟ್ರಲ್ ಕಾಲೇಜಿನಲ್ಲಿ ಆಯೋಗ ಮೂರು ದಿನ ಕುಳಿತಿತು. ದೇಶದಾದ್ಯಂತ 750ಕ್ಕೂ ಹೆಚ್ಚು ಸಾಕ್ಷಿಗಳು ಮಾತನಾಡಿದರು. ನಾಲ್ಕು ದಶಕಗಳ ರೋಗಚರಿತ್ರೆ ಕೊನೆಗೂ ದಾಖಲಾಯಿತು.

ಸಾಕ್ಷ್ಯದೊಂದಿಗೆ ದಾಖಲೆಗಳೂ ಹೊರಬಂದವು. ಸ್ವತಃ ಶಿಬಿರದಲ್ಲಿದ್ದ ಐಕೊ ಹರ್ಜಿಗ್-ಯೋಶಿನಾಗ ಅವರು ರಾಷ್ಟ್ರೀಯ ಪತ್ರಾಗಾರದಲ್ಲಿ ಸೇನಾ ವರದಿಯೊಂದರ ಮೂಲ ಪ್ರತಿಯನ್ನು ಪತ್ತೆಹಚ್ಚಿದರು. ಪ್ರತಿಯೊಬ್ಬರ ನಿಷ್ಠೆಯನ್ನು ಪರಿಶೀಲಿಸಲು ಸಮಯವಿರಲಿಲ್ಲವೆಂದು ಸರ್ಕಾರ ನ್ಯಾಯಾಲಯಕ್ಕೆ ಹೇಳಿದ್ದರೆ, ಮೂಲ ಪ್ರತಿಯಲ್ಲಿದ್ದುದು ಬೇರೆ: ಜನಾಂಗದ ಕಾರಣದಿಂದ ನಿಷ್ಠರನ್ನು ಬೇರ್ಪಡಿಸುವುದೇ ಅಸಾಧ್ಯವೆಂಬ ವಾದ. ಕರ್ಫ್ಯೂ ಮತ್ತು ಸ್ಥಳಾಂತರದ ಆಜ್ಞೆಗಳನ್ನು ಧಿಕ್ಕರಿಸಿದ್ದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗಾರ್ಡನ್ ಹಿರಾಬಯಾಶಿ ಅವರ ಶಿಕ್ಷೆಯನ್ನು 1943ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿತ್ತು. ಹೊಸ ದಾಖಲೆಗಳ ಬಲದಿಂದ ಅದು 1987ರ ಹೊತ್ತಿಗೆ ಪೂರ್ಣವಾಗಿ ರದ್ದಾಯಿತು. ಆಯೋಗದ ವರದಿಯೂ ಬಂಧನಕ್ಕೆ ಸೈನಿಕ ಅಗತ್ಯವಿರಲಿಲ್ಲವೆಂದು ತೀರ್ಮಾನಿಸಿತು. ಬದುಕುಳಿದವರಿಗೆ ತಲಾ 20,000 ಡಾಲರ್ ಕೊಡುವಂತೆ 1983ರ ಜೂನಿನಲ್ಲಿ ಶಿಫಾರಸು ಮಾಡಿತು.

ಇದರ ಜೊತೆಗೇ ಸ್ಥಳೀಯ ಮಟ್ಟದಲ್ಲೂ ಕೆಲಸ ಸಾಗಿತ್ತು. 1942ರಲ್ಲಿ ಕೆಲಸ ಕಳೆದುಕೊಂಡ ರಾಜ್ಯ ನೌಕರರಿಗೆ ತಲಾ 5,000 ಡಾಲರ್ ನೀಡುವ ಕಾನೂನನ್ನು ನಮ್ಮ ಒಲಿಂಪಿಯಾದ ಶಾಸನಸಭೆ 1983ರಲ್ಲಿ ಒಪ್ಪಿತು. ಸಿಯಾಟಲ್ ಶಾಲೆಗಳಲ್ಲಿ ಗುಮಾಸ್ತರಾಗಿದ್ದು ರಾಜೀನಾಮೆ ಕೊಡಬೇಕಾಗಿ ಬಂದ 27 ಯುವತಿಯರ ಪರಿಹಾರಕ್ಕೂ 1986ರಲ್ಲಿ ಶಾಸನದ ಅನುಮತಿ ದೊರೆಯಿತು. ಹತ್ತಿರದ ಸಭೆಯಲ್ಲಿ ಗೆದ್ದ ವಾದ ದೂರದ ಸಭೆಗೆ ಮೇಲ್ಪಂಕ್ತಿಯಾಯಿತು.

ಇಷ್ಟೆಲ್ಲ ಆದರೂ ಕಾಂಗ್ರೆಸ್ಸಿನ ಉಪಸಮಿತಿಯ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಸತತ ಎರಡು ಅವಧಿಗಳಲ್ಲಿ ವಿಚಾರಣೆ ನಡೆದರೂ ಮಸೂದೆ ಮುಂದೆ ಹೋಗಲಿಲ್ಲ. 1987ರಲ್ಲಿ ಉಪಸಮಿತಿಯ ಅಧ್ಯಕ್ಷತೆ ಬಾರ್ನಿ ಫ್ರಾಂಕ್ ಅವರಿಗೆ ಬಂತು. ಅವರು ಇದನ್ನು ಆದ್ಯತೆಯಾಗಿ ಕೈಗೆತ್ತಿಕೊಂಡರು. ಸಾಕ್ಷ್ಯ ಅದೇ, ಸತ್ಯ ಅದೇ. ಬದಲಾದದ್ದು ಕುರ್ಚಿಯಲ್ಲಿ ಕುಳಿತವರು. ಯುದ್ಧದಲ್ಲಿ ಹೋರಾಡಿದ ಜಪಾನೀ ಅಮೆರಿಕನ್ ಯೋಧರ ದಳದ ನೆನಪಿಗೆ 442 ಎಂಬ ಸಂಖ್ಯೆ ಹೊತ್ತ ಮಸೂದೆ, ಸಂವಿಧಾನಕ್ಕೆ ಸಹಿ ಬಿದ್ದು 200 ವರ್ಷ ತುಂಬಿದ ದಿನವಾದ 1987ರ ಸೆಪ್ಟೆಂಬರ್ 17ರಂದು ಕೆಳಮನೆಯಲ್ಲಿ 243–141 ಮತಗಳಿಂದ ಅಂಗೀಕಾರವಾಯಿತು. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಅದಕ್ಕೆ ಸಹಿ ಹಾಕಿದರು. ರಾಷ್ಟ್ರದ ಪರವಾಗಿ ಕ್ಷಮಾಯಾಚನೆ, ತಲಾ 20,000 ಡಾಲರ್. ಒಟ್ಟು 82,219 ಜನರಿಗೆ ಅದು ಸಂದಿತು.

ಇಲ್ಲೊಂದು ಕಹಿಸತ್ಯವಿದೆ. ಸಹಿ ಬಿದ್ದ ದಿನ ಜೀವಂತವಾಗಿದ್ದವರಿಗೆ ಮಾತ್ರ ಹಕ್ಕು. ಆನಂತರ ತೀರಿಕೊಂಡವರ ಪಾಲು ವಾರಸುದಾರರಿಗೆ. ಒಂದು ದಿನ ಮೊದಲು ಕಣ್ಣು ಮುಚ್ಚಿದವರ ಹೆಸರಿಗೆ ಏನೂ ಇಲ್ಲ. ಹೊಲವನ್ನೋ ಅಂಗಡಿಯನ್ನೋ ಕಟ್ಟಿ ಕಳೆದುಕೊಂಡ ಮೊದಲ ತಲೆಮಾರಿನವರಲ್ಲಿ ಬಹುಪಾಲು ಜನ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಆಯೋಗವಿಲ್ಲದೆ ಈ ಕಾಯಿದೆ ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಆದರೆ ತಡವಾದ ಪ್ರತಿ ವರ್ಷವೂ ಜೀವಗಳನ್ನು ಕಳೆದಿತೆಂಬ ಸಿಯಾಟಲ್‌ನವರ ಮಾತನ್ನು ಅಲ್ಲಗಳೆಯಲೂ ಆಗದು. ವೈದ್ಯಶಾಸ್ತ್ರದಲ್ಲಿಯೂ ಹಾಗೆಯೇ: ಸರಿಯಾದ ಔಷಧ ತಡವಾಗಿ ಬಂದರೆ ಅದು ಉಳಿದವರಿಗೆ ಮಾತ್ರ ಔಷಧ.

ನಮಗೇಕೆ ಈ ವಿಚಾರ ಎನ್ನಬಹುದು. ಟಕೋಮಾ ಬಳಿಯ ಕ್ಯಾಂಪ್ ಲೂಯಿಸ್‌ನಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕನಾಗಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ 1918ರ ಡಿಸೆಂಬರಿನಲ್ಲಿ ದೊರೆತ ಪೌರತ್ವವನ್ನು ನಾಲ್ಕೇ ದಿನಗಳಲ್ಲಿ ಹಿಂತೆಗೆದುಕೊಳ್ಳಲಾಯಿತು. 1923ರ ಫೆಬ್ರವರಿ 19ರಂದು ಸರ್ವೋಚ್ಚ ನ್ಯಾಯಾಲಯ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದಿತು. ಆ ಬಾಗಿಲು ತೆರೆದದ್ದು ಎರಡನೆಯ ಮಹಾಯುದ್ಧದ ನಂತರ. ಜೆ. ಜೆ. ಸಿಂಗ್ ಮೊದಲಾದ ಬೆರಳೆಣಿಕೆಯ ಭಾರತೀಯರು ಶಾಸಕರ ಬೆನ್ನು ಬಿಡದೆ, ಸಮಿತಿಯ ವಿರೋಧವನ್ನು ದಾಟಿಸಿ ತಂದ ಲೂಸ್–ಸೆಲ್ಲರ್ ಕಾಯಿದೆಗೆ 1946ರ ಜುಲೈ 2ರಂದು ಸಹಿ ಬಿತ್ತು. ವರ್ಷಕ್ಕೆ 100 ಜನರ ಪ್ರವೇಶ, ಜೊತೆಗೆ ಪೌರತ್ವದ ಹಕ್ಕು. ನಾವು ಪೌರತ್ವದ ಪ್ರಮಾಣವಚನ ಸ್ವೀಕರಿಸುವ ದಾರಿಗೆ ಮೊದಲ ಕಲ್ಲು ಇಟ್ಟದ್ದೂ ಒಂದು ಮನವಿಯೇ.

ಒಲಿಂಪಿಯಾದ ಅಧಿವೇಶನ ಪ್ರತಿ ಜನವರಿಯ ಎರಡನೆಯ ಸೋಮವಾರ ಆರಂಭವಾಗುತ್ತದೆ. ಬೆಸ ವರ್ಷಗಳಲ್ಲಿ 105 ದಿನ, ಸರಿ ವರ್ಷಗಳಲ್ಲಿ 60 ದಿನ. ಸಮಿತಿಯ ವಿಚಾರಣೆಗೆ ಒಂದು ಗಂಟೆ ಮುಂಚಿನವರೆಗೆ ಅಂತರ್ಜಾಲದಲ್ಲಿ ಹೆಸರು ನೋಂದಾಯಿಸಿ, ಮನೆಯಿಂದಲೇ ಸಾಕ್ಷ್ಯ ನುಡಿಯಬಹುದು; ಪರ ಅಥವಾ ವಿರೋಧ ಎಂದಷ್ಟೇ ದಾಖಲಿಸಲೂಬಹುದು. ಇದಕ್ಕೆ ಪೌರತ್ವ ಬೇಕಿಲ್ಲ, ವೀಸಾದ ಮೇಲೆ ಇರುವವರಿಗೂ ಅವಕಾಶವುಂಟು. ಸಿಗುವುದು ಒಂದೆರಡು ನಿಮಿಷವಿರಬಹುದು. ನಮ್ಮ ಮನೆಯ ಹಿರಿಯರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ನೆರೆಯವರಿಗೆ ತಟ್ಟುವ ಮಸೂದೆ ಬಂದಾಗ ಆ ಒಂದೆರಡು ನಿಮಿಷವನ್ನು ಬಳಸಿಕೊಳ್ಳೋಣ, ಹೇಳಬೇಕಾದವರು ಇನ್ನೂ ನಮ್ಮ ನಡುವೆ ಇರುವಾಗಲೇ.