ಬೆತ್ತದಿಂದ ತುತ್ತಿನವರೆಗೆ: ನಾಯಿಗೆ ಸಂಯಮ ಕಲಿಸಿದ ಕಥೆ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದ ಸುದ್ದಿಯ ಜೊತೆಗೆ ಅದು 'ಕಾಳಿ' ಎಂಬ ನಾಯಿಯ ಕಥೆಯನ್ನೂ ಹೇಳುತ್ತದೆ. ಬೇಕಾದುದನ್ನು ಕೇಳಿಕೊ ಎಂದು ಒಡೆಯ ಮೆಚ್ಚಿ ನುಡಿದಾಗ ಮಣಲೇರನೆಂಬ ವೀರ ಕೇಳಿದ್ದು ಈ ನಾಯಿಯನ್ನು. ಮುಂದೆ ಬೇಟೆಯಲ್ಲಿ ದೊಡ್ಡ ಹಂದಿಯೊಂದಿಗೆ ಸೆಣಸಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಡಲಾಯಿತು.

ಅಂದು ನಾಯಿಯಿಂದ ಜನ ಬಯಸಿದ್ದು ಕೆಚ್ಚು. ಇಂದಿನ ಪಟ್ಟಣದ ಮನೆ ಬಯಸುವುದು ಬೇರೆಯೇ. ಕರೆಗಂಟೆ ಬಾರಿಸಿದರೆ ಬಾಗಿಲಿಗೆ ಹಾರಬಾರದು, ಅತಿಥಿಗಳ ಮೈಮೇಲೆ ಎರಗಬಾರದು, ಲಿಫ್ಟಿನಲ್ಲಿ ಮಗುವನ್ನು ಕಂಡು ಗುರುಗುಟ್ಟಬಾರದು. ಬೇಟೆಗೆ, ಕಾವಲಿಗೆ, ಕುರಿ ಕಾಯುವುದಕ್ಕೆ ತಲೆತಲಾಂತರದಿಂದ ಒಗ್ಗಿಸಿದ ಪ್ರಾಣಿಗೆ ಸುಮ್ಮನಿರುವುದೇ ಈಗ ದೊಡ್ಡ ವಿದ್ಯೆ. ಈ ವಿದ್ಯೆಯನ್ನು ಕಲಿಸುವ ಬಗೆ ಕಳೆದ ನೂರು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ.

ನಾಯಿಗೆ ಪಾಠ ಹೇಳುವುದು ಹೊಸದೇನಲ್ಲ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ತನ್ನ ಬೇಟೆಯ ಗ್ರಂಥದಲ್ಲಿ, ನಾಯಿಗೆ ಕೂಗಲು ಸುಲಭವಾದ ಚಿಕ್ಕ ಹೆಸರಿಡಬೇಕೆಂದು ಹೇಳಿದ್ದ. ಆದರೆ ಕ್ರಮಬದ್ಧ ಶಿಕ್ಷಣದ ಆಧುನಿಕ ಚರಿತ್ರೆ ಆರಂಭವಾಗುವುದು ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್‌ನಿಂದ. 1906ರಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸತೊಡಗಿದ ಆತನ ಕೈಪಿಡಿ 1910ರಲ್ಲಿ ಪ್ರಕಟವಾಯಿತು. ನಾಯಿಗೆ ಮನುಷ್ಯನ ನ್ಯಾಯ ಅನ್ಯಾಯಗಳ ಅರಿವಿಲ್ಲ, ಆದ್ದರಿಂದ ಬಹುಮಾನವಾಗಲಿ ಶಿಕ್ಷೆಯಾಗಲಿ ಆ ಕ್ಷಣದಲ್ಲೇ ಸಿಗಬೇಕು ಎಂದು ಮೋಸ್ಟ್ ಕಂಡುಕೊಂಡಿದ್ದ. ಈ ಮಾತು ಇಂದಿಗೂ ನಿಂತಿದೆ. ಆದರೆ ಆತನ ಪದ್ಧತಿಯಲ್ಲಿ ಮುಳ್ಳಿನ ಕೊರಳಪಟ್ಟಿಗೂ ಬೆತ್ತಕ್ಕೂ ದೊಡ್ಡ ಪಾತ್ರವಿತ್ತು.

ಮೊದಲನೆಯ ಮಹಾಯುದ್ಧ ನಾಯಿಗೆ ಹೊಸದೊಂದು ಕೆಲಸ ಕೊಟ್ಟಿತು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ತೆರೆಯಿತು. ಅಂಥ ಶಾಲೆಯೊಂದನ್ನು ಕಂಡು ಬೆರಗಾದ ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆ 1927ರಲ್ಲಿ ಪತ್ರಿಕೆಗೆ ಲೇಖನ ಬರೆದಳು. ನ್ಯಾಶ್‌ವಿಲ್‌ನ ಅಂಧ ಯುವಕ ಮಾರಿಸ್ ಫ್ರಾಂಕ್ ಅದನ್ನು ಓದಿಸಿ ಕೇಳಿ, ಆಕೆಯಿದ್ದ ಸ್ವಿಟ್ಜರ್ಲೆಂಡಿಗೇ ಹೋಗಿ, 'ಬಡ್ಡಿ' ಎಂಬ ಹೆಣ್ಣು ಜರ್ಮನ್ ಶೆಫರ್ಡ್ ಜೊತೆ ತರಬೇತಿ ಪಡೆದು ಬಂದ. 1928ರಲ್ಲಿ ಇಬ್ಬರೂ ನ್ಯೂಯಾರ್ಕಿನ ಗಿಜಿಗುಡುವ ರಸ್ತೆಯೊಂದನ್ನು ಸುದ್ದಿಗಾರರ ಎದುರಿನಲ್ಲೇ ದಾಟಿದರು. ಮರುವರ್ಷ 'ದಿ ಸೀಯಿಂಗ್ ಐ' ಸಂಸ್ಥೆ ಹುಟ್ಟಿತು.

ಇಲ್ಲೊಂದು ಸೂಕ್ಷ್ಮವಿದೆ. ಮಾರ್ಗದರ್ಶಿ ನಾಯಿ ಹೇಳಿದ್ದನ್ನೆಲ್ಲ ಕುರುಡಾಗಿ ಮಾಡುವಂತಿಲ್ಲ. ಒಡೆಯ 'ಮುಂದೆ ನಡೆ' ಎಂದರೂ ಎದುರಿನಿಂದ ವಾಹನ ಬರುತ್ತಿದ್ದರೆ ಅದು ನಿಲ್ಲಬೇಕು. ಬೆತ್ತಕ್ಕೆ ಹೆದರಿ ನಡೆಯುವ ಪ್ರಾಣಿಯಿಂದ ಇಂಥ ವಿವೇಕ ನಿರೀಕ್ಷಿಸಲಾಗದು. ಒಳ್ಳೆಯ ನಡತೆ ಎಂದರೆ ಬರೀ ಅಂಜಿಕೆಯಲ್ಲ ಎಂಬುದಕ್ಕೆ ಬೀದಿಯಲ್ಲೇ ಸಾಕ್ಷಿ ಸಿಕ್ಕಿತ್ತು.

ಆದರೂ ಬೆತ್ತ ಬೇಗ ಹೋಗಲಿಲ್ಲ. ಎರಡು ಮಹಾಯುದ್ಧಗಳಲ್ಲಿ ಸೇನೆಗಾಗಿ ರೂಪುಗೊಂಡ ಶಿಸ್ತು ಮನೆಗಳಿಗೂ ಬಂದಿತು. ಎಳೆದರೆ ಕೊರಳು ಬಿಗಿಯುವ ಸರಪಳಿ ಸಾಮಾನ್ಯವಾಯಿತು. ಇದಕ್ಕೆ ಶಾಸ್ತ್ರದ ಬೆಂಬಲವೂ ಸಿಕ್ಕಂತಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿದ ರುಡಾಲ್ಫ್ ಶೆಂಕೆಲ್ 1947ರಲ್ಲಿ ಅವುಗಳ ಮೇಲಾಟದ ಬಗ್ಗೆ ಬರೆದಿದ್ದರು. ತೋಳದ ಗುಂಪಿಗೆ ಒಬ್ಬ ದೊರೆ ಇರುವಂತೆ ನಾಯಿಗೂ ಮನೆಯ ಯಜಮಾನನೇ ದೊರೆಯಾಗಬೇಕು, ಅದನ್ನು ಅಡಗಿಸಿಡಬೇಕು ಎಂದು ಜನ ಇದರಿಂದ ತಿಳಿದರು. ಆದರೆ ಅವು ಬೋನಿನಲ್ಲಿ ಕೂಡಿಹಾಕಿದ ತೋಳಗಳು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಡೇವಿಡ್ ಮೆಕ್, ಆ ಗುಂಪು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರವೆಂದು 1999ರಲ್ಲಿ ಸ್ಪಷ್ಟಪಡಿಸಿದರು. 'ದೊರೆ'ಯ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದರಲ್ಲಿ 1970ರ ಅವರದೇ ಪುಸ್ತಕದ ಪಾಲೂ ಇತ್ತೆಂಬುದು ಗಮನಾರ್ಹ.

ಬದಲಾವಣೆಯ ಇನ್ನೊಂದು ದಾರಿ ಪ್ರಯೋಗಶಾಲೆಯಿಂದ ಬಂದಿತು. ಫಲ ಸಿಕ್ಕ ನಡತೆ ಮರುಕಳಿಸುತ್ತದೆ ಎಂಬ ತತ್ತ್ವವನ್ನು ಬೆಳೆಸಿದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1951ರಲ್ಲಿ ಒಂದು ಸರಳ ಉಪಾಯ ಸೂಚಿಸಿದರು. 'ಟಿಕ್' ಎನ್ನುವ ಆಟಿಕೆಯ ಸದ್ದಿಗೂ ತಿನಿಸಿಗೂ ಮೊದಲು ನಂಟು ಬೆಸೆಯಬೇಕು. ಆಮೇಲೆ ನಾಯಿ ಸರಿಯಾದುದನ್ನು ಮಾಡಿದ ಕ್ಷಣವನ್ನು ಆ ಸದ್ದಿನಿಂದಲೇ ಗುರುತಿಸಬಹುದು. ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಪಳಗಿಸಿದ ಕ್ಯಾರೆನ್ ಪ್ರಯರ್ 1984ರ ತಮ್ಮ ಪುಸ್ತಕದಲ್ಲಿ ಇದೇ ತತ್ತ್ವವನ್ನು ಜನರ ಮುಂದಿಟ್ಟರು. ಡಾಲ್ಫಿನ್ನಿನ ಕೊರಳಿಗೆ ಹಗ್ಗ ಹಾಕಲಾಗದು, ಬೆತ್ತ ತೋರಿಸಿದರೆ ಅದು ಈಜಿ ದೂರ ಹೋಗುತ್ತದೆ. ಅದಕ್ಕೆ ಕಲಿಸಲು ಬಕೆಟ್ಟಿನ ಮೀನು ಸಾಕಾಗುವುದಾದರೆ ನಾಯಿಗೆ ಹೊಡೆತವೇಕೆ?

ಮನೆಯಲ್ಲಿ ಇದು ಹೀಗೆ ನಡೆಯುತ್ತದೆ. ನಾಯಿ ತನ್ನಷ್ಟಕ್ಕೆ ಚಾಪೆಯ ಮೇಲೆ ಮಲಗಿದಾಗ ಸದ್ದಿಲ್ಲದೆ ಒಂದು ತುತ್ತು ಕೊಡುವುದು. ಮೈಮೇಲೆ ಹಾರಿದರೆ ಬೈಯದೆ ಮುಖ ತಿರುಗಿಸಿ, ನಾಲ್ಕೂ ಕಾಲು ನೆಲಕ್ಕೆ ಬಂದಾಗ ಮಾತನಾಡಿಸುವುದು. ಹಗ್ಗ ಜಗ್ಗಿದರೆ ನಿಂತುಬಿಡುವುದು, ಸಡಿಲವಾದಾಗ ನಡೆಯುವುದು. ನಾವು ಬೈಯುವುದೂ ನಾಯಿಗೆ ಗಮನವೇ. ಹಾರಿದಾಗ ಮಾತ್ರ ಮಾತನಾಡಿಸುವ ಮನೆ ಹಾರುವುದನ್ನೇ ಕಲಿಸುತ್ತದೆ. ಕಲಿಸಲು ವಯಸ್ಸೂ ಮುಖ್ಯ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಮೆರಿಕದಲ್ಲಿ ವರ್ಷಗಟ್ಟಲೆ ಮರಿಗಳನ್ನು ಅಭ್ಯಸಿಸಿ 1965ರಲ್ಲಿ ತಿಳಿಸಿದಂತೆ, ಸುಮಾರು 3ರಿಂದ 12 ವಾರಗಳ ನಡುವೆ ಕಂಡ ಜನ, ಸದ್ದು, ಜಾಗಗಳಿಗೆ ಮರಿ ಸುಲಭವಾಗಿ ಒಗ್ಗಿಕೊಳ್ಳುತ್ತದೆ. ಆ ದಿನಗಳನ್ನು ಮೂಲೆಯ ಸರಪಳಿಯಲ್ಲೇ ಕಳೆದ ಮರಿ ಮುಂದೆ ಹೊಸಬರನ್ನು ಕಂಡರೆ ಬೆದರುತ್ತದೆ, ಬೆದರಿದ ನಾಯಿ ಕಚ್ಚುತ್ತದೆ.

ಹೊಡೆತದಿಂದಲೂ ಕೆಲಸ ಆಗುತ್ತದಲ್ಲ ಎಂಬ ವಾದವಿದೆ. ಆಗುವುದುಂಟು, ಅದರ ಬೆಲೆಯೂ ಉಂಟು. ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷೆ ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳು ಕಲಿಕೆಯ ವೇಳೆ ಹೆಚ್ಚು ಒತ್ತಡದ ಲಕ್ಷಣ ತೋರಿದವು. ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕೂಡ ಪಾಠದ ನಂತರ ಹೆಚ್ಚು ಏರಿತ್ತು. ಚಪ್ಪಲಿ ಕಚ್ಚಿದ ನಾಯಿ 'ತಪ್ಪಾಯಿತು' ಎಂಬಂತೆ ತಲೆ ತಗ್ಗಿಸುವುದೂ ಪಶ್ಚಾತ್ತಾಪದ ಗುರುತಲ್ಲ. ತಪ್ಪು ಮಾಡಿರಲಿ ಬಿಡಲಿ, ಒಡೆಯ ಗದರಿದಾಗ ನಾಯಿಗಳು ಆ ಮುಖ ಹೊರುತ್ತವೆ ಎಂದು ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ತೋರಿಸಿದರು. ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯನ್ನು ವೇಲ್ಸ್ 2010ರಲ್ಲೇ ನಿಷೇಧಿಸಿತು.

ನಾಯಿ ಬಾಲ ಎಂದಿದ್ದರೂ ಡೊಂಕು ಎನ್ನುತ್ತದೆ ಗಾದೆ. ಬಾಲದ ಮಟ್ಟಿಗೆ ಅದು ನಿಜವಿರಬಹುದು, ನಡತೆಯ ಮಟ್ಟಿಗೆ ಅಲ್ಲ. ಕಚ್ಚಿತೆಂದು ಹೊಡೆಸಿಕೊಳ್ಳುವ, ಕೊನೆಗೆ ಬೀದಿಗೆ ಬೀಳುವ ಸಾಕುನಾಯಿಗಳಲ್ಲಿ ಎಷ್ಟೋ ಕಲಿಯಲಾರದವಲ್ಲ. ಅವುಗಳಿಗೆ ಕಲಿಸಬೇಕಾದ ವಾರಗಳಲ್ಲಿ ಯಾರೂ ಕಲಿಸಿರಲಿಲ್ಲ, ಅಷ್ಟೆ.