‘ಚಮಚಾ’ ಅಂತ ಬೈಯೋದು ಯಾಕೆ?

ಬಾಸ್ ಹಿಂದೆಮುಂದೆ ಸುತ್ತೋರನ್ನ ನೀವೆಲ್ಲ ಈಗ ‘ಬಕೆಟ್’ ಅಂತೀರಿ. ಅದಕ್ಕಿಂತ ಹಳೇ ಹೆಸರು ‘ಚಮಚಾ’. ಇವತ್ತು ಅದರ ಕಥೆ.

ಪದ ತುರ್ಕಿ ಮೂಲದ್ದು, ಅಲ್ಲಿ ಅದರರ್ಥ ಸೌಟು. ಪಾರ್ಸಿ ದಾಟಿ ಹಿಂದಿ-ಉರ್ದುಗೆ ಬಂತು, ನಮ್ಮ ಅಡುಗೆಮನೆಗೂ ಬಂತು. ಕನ್ನಡದಲ್ಲಿ ಒಂದು ಮಜಾ ಇದೆ: ಕಾಫಿಗೆ ಸಕ್ಕರೆ ಹಾಕೋದು ಚಮಚ, ಸಾಹೇಬರಿಗೆ ಸಲಾಂ ಹೊಡೆಯೋನು ಚಮಚಾ. ಕೊನೇ ಅಕ್ಷರ ಎಳೆದ್ರೆ ಬೈಗುಳ!

ಈ ಬೈಗುಳವನ್ನ ರಾಜಕೀಯ ಸಿದ್ಧಾಂತವಾಗಿ ಬೆಳೆಸಿದವರು ಕಾನ್ಶಿ ರಾಮ್. ಅವರ ‘ದಿ ಚಮಚಾ ಏಜ್’ ಪುಸ್ತಕ ಬಂದದ್ದು 1982ರ ಸೆಪ್ಟೆಂಬರ್ 24ಕ್ಕೆ. ದಿನಾಂಕ ಬೇಕಂತಲೇ ಆರಿಸಿದ್ದು, ಅವತ್ತಿಗೆ ಪೂನಾ ಒಪ್ಪಂದಕ್ಕೆ ಸರಿಯಾಗಿ 50 ವರ್ಷ.

ಆ ಒಪ್ಪಂದದಲ್ಲಿ ಆಗಿದ್ದೇನು? 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತ್ತು. ಅಂದ್ರೆ ದಲಿತ ಪ್ರತಿನಿಧಿಯನ್ನ ದಲಿತರೇ ಆರಿಸಬೇಕು. ಗಾಂಧೀಜಿ ಯರವಡಾ ಜೈಲಲ್ಲಿ ಉಪವಾಸ ಕೂತರು, ಅಂಬೇಡ್ಕರ್ ಮೇಲೆ ಒತ್ತಡ ಬಿತ್ತು. ಕೊನೆಗೆ ಪ್ರಾಂತೀಯ ಶಾಸನಸಭೆಗಳಲ್ಲಿ ಸೀಟು 71ರಿಂದ 148ಕ್ಕೆ ಏರಿತು, ಆದ್ರೆ ಅಂತಿಮ ಮತದಾನ ಜಂಟಿಯಾಯ್ತು. ಕುರ್ಚಿ ದಲಿತರದ್ದು, ಗೆಲ್ಲಿಸೋ ಮತ ಹೆಚ್ಚಾಗಿ ಬೇರೆಯವರದ್ದು.

ಇಲ್ಲೇ ಚಮಚಾ ಹುಟ್ಟಿದ ಅನ್ನೋದು ಕಾನ್ಶಿ ರಾಮ್ ವಾದ. ಚಮಚ ತಾನಾಗೇ ಏನೂ ಮಾಡಲ್ಲ, ಹಿಡಿಯೋಕೆ ಒಂದು ಕೈ ಬೇಕು. ಎದುರಿಗೆ ನಿಜವಾದ ಹೋರಾಟಗಾರ ಇದ್ದಾಗಲೇ ಆ ಕೈಗೆ ಚಮಚ ಬೇಕಾಗೋದು. ನನಗೆ ಇಷ್ಟ ಆಗೋದು ಇದೇ: ಬೈಗುಳ ಚಮಚಾನ ಮೇಲಿದ್ರೂ ಪ್ರಶ್ನೆ ಕೈಯ ಮೇಲಿದೆ. ಗುಣ ಕೆಟ್ಟವನು ಅಂತ ಒಬ್ಬನನ್ನ ಬೈದು ಸುಮ್ಮನಾಗೋ ಬದಲು, ಅಂಥವರನ್ನೇ ಗೆಲ್ಲಿಸೋ ಚುನಾವಣಾ ಪದ್ಧತಿಯನ್ನ ಅವರು ತೋರಿಸಿದ್ರು. ಹಾಗಂತ ಜಂಟಿ ಮತದಿಂದ ಗೆದ್ದವರೆಲ್ಲ ಚಮಚಾಗಳು ಅಂದ್ರೆ ಅನ್ಯಾಯ, ಬಿಡಿ.

ಎರಡು ವರ್ಷಕ್ಕೆ, 1984ರಲ್ಲಿ, ಅವರು ಬಹುಜನ ಸಮಾಜ ಪಕ್ಷ ಕಟ್ಟಿದ್ರು. 1995ರ ಜೂನ್‌ನಲ್ಲಿ ಮಾಯಾವತಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಆದ್ರು, ಬಿಜೆಪಿಯ ಬೆಂಬಲದಿಂದ. ಈಗ ಯಾವುದು ಕೈ, ಯಾವುದು ಚಮಚ? ಬೆಂಬಲ ವಾಪಸ್ ಹೋಯ್ತು, ಅಕ್ಟೋಬರ್‌ನಲ್ಲಿ ಆ ಸರ್ಕಾರ ಬಿತ್ತು.