ಇನ್ಸುಲಿನ್ ಸ್ರವಿಸುವ ಜೀವಕೋಶಗಳ ಕಸಿ: ಮಧುಮೇಹ ಚಿಕಿತ್ಸೆಯ ಈ ದಾರಿ ಎಲ್ಲಿಯವರೆಗೆ ಬಂದಿದೆ?

ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯೊಳಗೆ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜೀವಕೋಶ ಗುಂಪುಗಳು ಚದುರಿಕೊಂಡಿವೆ. ಎಲ್ಲವನ್ನೂ ಒಟ್ಟುಗೂಡಿಸಿದರೂ ಗ್ರಂಥಿಯ ತೂಕದಲ್ಲಿ ಅವುಗಳ ಪಾಲು ನೂರಕ್ಕೆ ಒಂದೆರಡು ಮಾತ್ರ. 1869ರಲ್ಲಿ ಬರ್ಲಿನ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹಾನ್ಸ್ ಇವನ್ನು ಮೊದಲು ವರ್ಣಿಸಿದರು. ಅವುಗಳ ಕೆಲಸವೇನೆಂಬುದು ಅವರಿಗೆ ತಿಳಿದಿರಲಿಲ್ಲ. ಇಂದು ಅವು ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳೆಂದು ಹೆಸರಾಗಿವೆ. ಅವುಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್‌ನ ಮೂಲ. ಟೈಪ್-1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಕೋಶಗಳನ್ನು ಶತ್ರುವೆಂದು ಭ್ರಮಿಸಿ ನಾಶಪಡಿಸುತ್ತದೆ. ಮಕ್ಕಳಲ್ಲಿ ಕಾಣುವ ಮಧುಮೇಹ ಬಹುಮಟ್ಟಿಗೆ ಈ ಬಗೆಯದು.

ಗಡಿನಾಡಿನ ಓದುಗರಿಗೆ ಇಲ್ಲಿ ಒಂದು ಮಾತು. ನಮ್ಮ ಮಕ್ಕಳು ಪಠ್ಯದಲ್ಲಿ ಓದುವ ಮೇದೋಜೀರಕವೇ ಮಲಯಾಳದಲ್ಲಿ ಆಗ್ನೇಯ ಗ್ರಂಥಿ, ತಮಿಳಿನಲ್ಲಿ ಕಣೈಯಂ, ಮರಾಠಿಯಲ್ಲಿ ಸ್ವಾದುಪಿಂಡ, ತೆಲುಗಿನಲ್ಲಿ ಕ್ಲೋಮ ಗ್ರಂಥಿ. ಆಸ್ಪತ್ರೆಯ ಗೋಡೆಬರಹದಲ್ಲಿ ಯಾವ ಹೆಸರಿದ್ದರೂ ಅಂಗ ಒಂದೇ.

ನಾಶವಾದ ಕೋಶಗಳ ಜಾಗಕ್ಕೆ ಬೇರೆ ಕೋಶಗಳನ್ನು ಇಡಬಾರದೇಕೆ ಎಂಬ ಆಲೋಚನೆ ಇನ್ಸುಲಿನ್‌ಗಿಂತಲೂ ಹಳೆಯದು. 1893ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಾಟ್ಸನ್ ವಿಲಿಯಮ್ಸ್ ಎಂಬ ವೈದ್ಯರು ಕುರಿಯ ಮೇದೋಜೀರಕದ ತುಣುಕುಗಳನ್ನು 15 ವರ್ಷದ ಬಾಲಕನೊಬ್ಬನ ಚರ್ಮದಡಿ ಇರಿಸಿದರು. ಮೂರು ದಿನಗಳಲ್ಲಿ ಬಾಲಕ ತೀರಿಕೊಂಡ. 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚುಮದ್ದು ಬಂದು ಮಕ್ಕಳ ಜೀವ ಉಳಿಯತೊಡಗಿದ ಮೇಲೆ ಕಸಿಯ ವಿಚಾರ ಹಿಂದೆ ಸರಿಯಿತು. 1972ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪಾಲ್ ಲೇಸಿ ಮತ್ತು ಸಂಗಡಿಗರು ಇಲಿಗಳ ಮಧುಮೇಹವನ್ನು ಕಿರುದ್ವೀಪಗಳ ಕಸಿಯಿಂದ ಹತೋಟಿಗೆ ತಂದು ಅದನ್ನು ಮತ್ತೆ ಮುನ್ನೆಲೆಗೆ ತಂದರು.

ವಿಧಾನ ಹೀಗಿದೆ. ಮೃತ ದಾನಿಯ ಮೇದೋಜೀರಕವನ್ನು ಪ್ರಯೋಗಾಲಯದಲ್ಲಿ ಕಿಣ್ವಗಳಿಂದ ಸಡಿಲಗೊಳಿಸಿ, ಕಿರುದ್ವೀಪಗಳನ್ನು ಬೇರ್ಪಡಿಸಿ ಶುದ್ಧೀಕರಿಸುತ್ತಾರೆ. ಬಳಿಕ ಸಣ್ಣ ನಳಿಕೆಯೊಂದರ ಮೂಲಕ ಅವನ್ನು ಯಕೃತ್ತಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಹರಿಸುತ್ತಾರೆ. ಅವು ಯಕೃತ್ತಿನ ಕಿರುನಾಳಗಳಲ್ಲಿ ನೆಲೆನಿಂತು, ಹೊಸ ರಕ್ತನಾಳಗಳು ಬೆಳೆದ ಮೇಲೆ ಇನ್ಸುಲಿನ್ ಸ್ರವಿಸತೊಡಗುತ್ತವೆ. ಮೇದೋಜೀರಕದ ಕೋಶ ಯಕೃತ್ತಿನಲ್ಲಿ ಬಾಳುವುದು ವಿಚಿತ್ರವೆನಿಸಬಹುದು. ಆದರೆ ರಕ್ತದ ಸಕ್ಕರೆಯನ್ನು ಅಳೆದು ಸ್ಪಂದಿಸುವುದಕ್ಕೆ ಅವುಗಳಿಗೆ ಬೇಕಾದುದು ರಕ್ತಸಂಪರ್ಕವೇ ಹೊರತು ತವರಿನ ಅಂಗವಲ್ಲ.

ನಿಜವಾದ ತಿರುವು 2000ದಲ್ಲಿ ಕೆನಡಾದ ಎಡ್ಮಂಟನ್‌ನಿಂದ ಬಂತು. ಜೇಮ್ಸ್ ಶಪಿರೊ ಅವರ ತಂಡ ಸ್ಟಿರಾಯ್ಡ್ ಇಲ್ಲದ ಔಷಧಕ್ರಮವನ್ನು ಅನುಸರಿಸಿ ಏಳು ಮಂದಿಗೆ ಕಸಿ ಮಾಡಿತು. ಏಳೂ ಮಂದಿ ಇನ್ಸುಲಿನ್ ಚುಚ್ಚುಮದ್ದಿನಿಂದ ಬಿಡುಗಡೆ ಹೊಂದಿದರು. ಒಬ್ಬೊಬ್ಬರಿಗೂ ಕನಿಷ್ಠ ಇಬ್ಬರು ದಾನಿಗಳ ಗ್ರಂಥಿ ಬೇಕಾಯಿತು. ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಹಲವು ದೇಶಗಳ 36 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಸಿ ಮುಗಿದು ಒಂದು ವರ್ಷದ ಬಳಿಕ ಇನ್ಸುಲಿನ್ ಇಲ್ಲದೆ ಇದ್ದವರು 16 ಮಂದಿ. ಎರಡು ವರ್ಷಕ್ಕೆ ಐವರು ಮಾತ್ರ. ಹಾಗೆಂದು ಅದನ್ನು ಸೋಲೆನ್ನಲಾಗದು. ಭಾಗಶಃ ಉಳಿದ ಕೋಶಗಳೂ ಸಕ್ಕರೆ ಏಕಾಏಕಿ ಕುಸಿದು ಪ್ರಜ್ಞೆ ತಪ್ಪುವ ಅಪಾಯವನ್ನು ತಡೆಯಬಲ್ಲವು.

ಈ ಚಿಕಿತ್ಸೆಯ ಬೆಲೆಯನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಪರರ ಕೋಶಗಳನ್ನು ದೇಹ ತಿರಸ್ಕರಿಸದಿರಲು, ಕಸಿ ಕೆಲಸ ಮಾಡುವಷ್ಟು ಕಾಲವೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆಗಳನ್ನು ಸೇವಿಸಬೇಕು. ಅವುಗಳಿಂದ ಸೋಂಕು, ಮೂತ್ರಪಿಂಡದ ಹಾನಿ, ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚುತ್ತದೆ. ಸೂಜಿಯನ್ನು ಕೊಟ್ಟು ಮಾತ್ರೆಯನ್ನು ಕೊಳ್ಳುವ ವ್ಯವಹಾರವಿದು. ಆದಕಾರಣವೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಜೂನ್‌ನಲ್ಲಿ ಲ್ಯಾಂಟಿಡ್ರಾ ಎಂಬ ಕೋಶ ಚಿಕಿತ್ಸೆಗೆ ಒಪ್ಪಿಗೆ ನೀಡಿದಾಗ, ಸಕ್ಕರೆ ಪದೇ ಪದೇ ತೀವ್ರವಾಗಿ ಕುಸಿಯುವ ವಯಸ್ಕರಿಗಷ್ಟೇ ಅದನ್ನು ಸೀಮಿತಗೊಳಿಸಿತು. ಮಕ್ಕಳು ಆ ಪಟ್ಟಿಯಲ್ಲಿಲ್ಲ.

ದಾನಿಗಳ ಅಭಾವಕ್ಕೆ ಉತ್ತರವಾಗಿ ಆಕರಕೋಶಗಳಿಂದ ಬೀಟಾ ಕೋಶಗಳನ್ನು ಬೆಳೆಸುವ ಪ್ರಯತ್ನ ನಡೆದಿದೆ. 2025ರಲ್ಲಿ ಪ್ರಕಟವಾದ ವರ್ಟೆಕ್ಸ್ ಕಂಪನಿಯ ಪರೀಕ್ಷೆಯಲ್ಲಿ ಪೂರ್ಣ ಪ್ರಮಾಣ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ಕೊನೆಗೆ ಇನ್ಸುಲಿನ್ ಬಳಸುತ್ತಿರಲಿಲ್ಲ. ಅವರಿಗೂ ಆ ಮಾತ್ರೆಗಳು ತಪ್ಪಲಿಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ, ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ವಂಶವಾಹಿಗಳನ್ನು ತಿದ್ದಿದ ದಾನಿಯ ಕೋಶಗಳನ್ನು ಒಬ್ಬರ ಮುಂಗೈ ಸ್ನಾಯುವಿನಲ್ಲಿ ಇರಿಸಲಾಯಿತು. ಯಾವ ಮಾತ್ರೆಯೂ ಇಲ್ಲದೆ ಅವು ವಾರಗಟ್ಟಲೆ ಇನ್ಸುಲಿನ್ ಸ್ರವಿಸಿದವು. ಪ್ರಮಾಣ ಬಹಳ ಕಡಿಮೆಯಾದ್ದರಿಂದ ಚುಚ್ಚುಮದ್ದು ಮುಂದುವರಿಯಿತು. ನನ್ನ ಮಟ್ಟಿಗೆ, ಮಕ್ಕಳ ತಂದೆತಾಯಂದಿರು ಗಮನವಿಡಬೇಕಾದ ದಿಕ್ಕು ಇದೇ.

ಪರರ ಕೋಶಗಳ ಗೊಡವೆಯಿಲ್ಲದ ಇನ್ನೊಂದು ಬಗೆಯೂ ಉಂಟು. ದೀರ್ಘಕಾಲದ ಉರಿಯೂತದಿಂದ ತಾಳಲಾರದ ನೋವು ಕೊಡುವ ಮೇದೋಜೀರಕವನ್ನು ತೆಗೆದುಹಾಕಿ, ಅದೇ ರೋಗಿಯ ಕಿರುದ್ವೀಪಗಳನ್ನು ಅವರಿಗೇ ಮರಳಿಸುವುದು. ಇದು 1977ರಲ್ಲಿ ಮಿನ್ನೆಸೋಟದಲ್ಲಿ ಆರಂಭವಾಯಿತು. ಇಲ್ಲಿ ತಿರಸ್ಕಾರದ ಭಯವಿಲ್ಲ. ಗ್ರಂಥಿಯಲ್ಲಿ ಕಲ್ಲುಗಟ್ಟುವ ಇಂತಹ ಉರಿಯೂತ ಕೇರಳದಲ್ಲಿ ಬಹುಕಾಲದಿಂದ ಪರಿಚಿತ, ಡಾ. ಪಿ. ಜೆ. ಗೀವರ್ಗೀಸ್ ಅದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದವರು. ಆದರೆ ಇದು ಟೈಪ್-1 ಮಧುಮೇಹಕ್ಕೆ ಮದ್ದಲ್ಲ: ಅಲ್ಲಿ ಮರಳಿಸಲು ಕೋಶಗಳೇ ಉಳಿದಿರುವುದಿಲ್ಲ.

ಆಕರಕೋಶದಿಂದ ಮಧುಮೇಹ ವಾಸಿ ಎಂಬ ಜಾಹೀರಾತುಗಳು ಫೋನಿನಲ್ಲಿ ಬರುತ್ತಿರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಕೆಲವು ರಕ್ತಸಂಬಂಧಿ ರೋಗಗಳ ಹೊರತು ಬೇರಾವುದಕ್ಕೂ ಆಕರಕೋಶ ಚಿಕಿತ್ಸೆ ಸ್ವೀಕೃತವಲ್ಲ. ಉಳಿದವು ಅನುಮತಿ ಪಡೆದ ಪರೀಕ್ಷೆಗಳಲ್ಲಿ ಮಾತ್ರ ನಡೆಯಬೇಕು, ಮತ್ತು ಪರೀಕ್ಷೆಗೆ ಒಳಗಾಗುವವರಿಂದ ಹಣ ಪಡೆಯುವಂತಿಲ್ಲ. ಅಂತಹ ಮಾತನ್ನು ನಂಬಿ ಟೈಪ್-1 ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಕಾಸರಗೋಡು, ವಯನಾಡಿನ ಕುಟುಂಬಗಳು ಟೈಪ್-1 ಮಕ್ಕಳಿಗೆಂದೇ ಇರುವ ಕೇರಳ ಸಾಮಾಜಿಕ ಭದ್ರತಾ ಮಿಷನ್‌ನ ‘ಮಿಠಾಯಿ’ ಯೋಜನೆಯ ಕುರಿತು ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು.